ತುರ್ತು ಹಣಕ್ಕೆ ಹೆಚ್ಚು ಬಡ್ಡಿಯ ಉಳಿತಾಯ ಖಾತೆ: ಆರಿಸುವಾಗ ಮೊದಲು ಏನನ್ನು ನೋಡಬೇಕು?

ಮಿತವ್ಯಯಿ:
ಎಲ್ಲರಿಗೂ ನಮಸ್ಕಾರ. ಆರು ತಿಂಗಳ ಮನೆಖರ್ಚಿಗೆ ಸಾಲುವಷ್ಟು ಹಣವನ್ನು ತುರ್ತು ನಿಧಿಯೆಂದು ಬೇರೆ ಇಟ್ಟಿದ್ದೇನೆ. ಲೆಕ್ಕಕ್ಕೆ ಅನುಕೂಲವಾಗಲೆಂದು ಅದನ್ನು ಮೂರು ಲಕ್ಷ ಎಂದಿಟ್ಟುಕೊಳ್ಳಿ. ಸದ್ಯ ಅದು ಸಂಬಳ ಜಮೆಯಾಗುವ ಖಾತೆಯಲ್ಲಿಯೇ ಇದೆ. ಅಲ್ಲಿ ಸಿಗುವ ಬಡ್ಡಿ ಶೇ 1ನ್ನೂ ಮುಟ್ಟುವುದಿಲ್ಲ. ಈ ಹಣವನ್ನು ಷೇರಿಗೋ ದೀರ್ಘಾವಧಿಯ ಠೇವಣಿಗೋ ಹಾಕುವ ಉದ್ದೇಶ ನನಗಿಲ್ಲ. ಕೆಲಸ ಹೋದರೆ, ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಆ ಹೊತ್ತಿಗೆ ಕೈಗೆ ಸಿಗಬೇಕಾದ ಹಣವಿದು. ಆದರೂ ವರ್ಷಗಟ್ಟಲೆ ಸುಮ್ಮನೆ ಕೂತಿರುವ ಹಣಕ್ಕೆ ತಕ್ಕ ಬಡ್ಡಿಯಾದರೂ ಬರಲಿ ಎಂದು ಮೂರು ಕಡೆ ಗುರುತು ಮಾಡಿಕೊಂಡಿದ್ದೇನೆ. ಮೊದಲನೆಯದು ಜಾಹೀರಾತಿನಲ್ಲಿ ಶೇ 7 ಎಂದು ದಪ್ಪಕ್ಷರದಲ್ಲಿ ಬರೆದುಕೊಂಡಿರುವ ಬ್ಯಾಂಕು. ಅದಕ್ಕೆ ಒಂದಷ್ಟು ಷರತ್ತುಗಳಿವೆ. ಎರಡನೆಯದು ಶಾಖೆಗಳಿಲ್ಲದೆ ಆನ್‌ಲೈನ್‌ನಲ್ಲಿ ಮಾತ್ರ ನಡೆಯುವ ಬ್ಯಾಂಕು. ಷರತ್ತಿಲ್ಲದ ಶೇ 5. ಮೂರನೆಯದು ಬ್ಯಾಂಕಲ್ಲ, ಒಂದು ಆ್ಯಪ್, ಗ್ರಾಹಕರ ಹಣವನ್ನು ‘ಪಾಲುದಾರ ಬ್ಯಾಂಕು’ಗಳಲ್ಲಿ ಇಡುವುದಾಗಿ ಹೇಳುತ್ತದೆ, ದರ ಶೇ 5.5. ಮೂರರಲ್ಲಿ ಯಾವುದು ಒಳ್ಳೆಯದು, ಮತ್ತು ಆರಿಸುವಾಗ ನಾನು ಯಾವ ಕ್ರಮದಲ್ಲಿ ಯೋಚಿಸಬೇಕು ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಸರಳರೇಖೆ:
ದರಗಳನ್ನು ಶೇಕಡಾವಾರು ನೋಡುವ ಬದಲು ವರ್ಷಕ್ಕೆ ಕೈಗೆ ಬರುವ ಮೊತ್ತವಾಗಿ ನೋಡಿ. ಈಗಿರುವ ಖಾತೆಯಿಂದ ಶೇ 5ರ ಖಾತೆಗೆ ಹೋದರೆ ವರ್ಷಕ್ಕೆ 12,000ಕ್ಕಿಂತ ಹೆಚ್ಚು ಸಿಗುತ್ತದೆ. ಆ ಹೆಜ್ಜೆಯನ್ನು ಇಡಲೇಬೇಕು. ಆದರೆ ಶೇ 5ಕ್ಕೂ ಶೇ 5.5ಕ್ಕೂ ಇರುವ ಅಂತರ ವರ್ಷಕ್ಕೆ 1,500, ಅಂದರೆ ತಿಂಗಳಿಗೆ 125. ಆ 125ಕ್ಕಾಗಿ ಏನನ್ನು ಬಿಟ್ಟುಕೊಡುತ್ತಿದ್ದೀರಿ ಎಂಬುದನ್ನು ತಿಳಿದುಕೊಂಡು ಮುಂದುವರಿಯಿರಿ.

ಲೆಕ್ಕಿಗ:
ಸರಳರೇಖೆಯವರ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಶೇ 7ರ ಖಾತೆಯ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಜಾಹೀರಾತಿನ ದರಕ್ಕೂ ನಿಮ್ಮ ಹಣಕ್ಕೆ ನಿಜವಾಗಿ ಬೀಳುವ ದರಕ್ಕೂ ಬಹಳ ಅಂತರವಿರುವುದು ಇಂತಹ ಖಾತೆಗಳಲ್ಲಿಯೇ.

ಮೊದಲು ನೋಡಬೇಕಾದದ್ದು ಸ್ಲ್ಯಾಬ್. ಹೆಚ್ಚಿನ ದರ ಇಡೀ ಶಿಲ್ಕಿಗೆ ಅನ್ವಯಿಸುತ್ತದೆಯೋ ಅಥವಾ ಒಂದು ಮಿತಿಯವರೆಗಿನ ಭಾಗಕ್ಕೆ ಮಾತ್ರವೋ ಎಂಬುದು ದರಪಟ್ಟಿಯ ಅಡಿಟಿಪ್ಪಣಿಯಲ್ಲಿರುತ್ತದೆ. ಉದಾಹರಣೆಗೆ, ಮೊದಲ ಒಂದು ಲಕ್ಷಕ್ಕೆ ಶೇ 7, ಅದರ ಮೇಲಿನ ಮೊತ್ತಕ್ಕೆ ಶೇ 3 ಎಂದಿದ್ದರೆ ನಿಮ್ಮ ಮೂರು ಲಕ್ಷಕ್ಕೆ ಬರುವುದು 7,000 ಮತ್ತು 6,000 ಸೇರಿ 13,000. ಸರಾಸರಿ ದರ ಶೇ 4.33. ಷರತ್ತೇ ಇಲ್ಲದ ಶೇ 5ರ ಖಾತೆ 15,000 ಕೊಡುತ್ತದೆ. ಇನ್ನು ತಿಂಗಳಿಗೆ ಇಷ್ಟು ಹಣ ಜಮೆಯಾಗಬೇಕು, ಕಾರ್ಡಿನಲ್ಲಿ ಇಷ್ಟು ಖರ್ಚಾಗಬೇಕು ಎಂಬ ಷರತ್ತಿದ್ದು, ವರ್ಷದಲ್ಲಿ ಮೂರು ತಿಂಗಳು ಅದು ತಪ್ಪಿ ಇಡೀ ಮೊತ್ತಕ್ಕೆ ಶೇ 3 ಮಾತ್ರ ಸಿಕ್ಕಿತೆಂದರೆ, ಮತ್ತೆ 1,000 ಕಡಿಮೆಯಾಗಿ ಒಟ್ಟು ಬಡ್ಡಿ 12,000ಕ್ಕೆ, ಅಂದರೆ ಶೇ 4ಕ್ಕೆ ಇಳಿಯುತ್ತದೆ. ಕೆಲಸ ಹೋದ ತಿಂಗಳುಗಳಲ್ಲಿಯೇ ಸಂಬಳ ಜಮೆಯಾಗುವುದಿಲ್ಲ, ಕಾರ್ಡಿನ ಖರ್ಚನ್ನೂ ಬಿಗಿ ಹಿಡಿಯುತ್ತೇವೆ. ತುರ್ತು ನಿಧಿ ಬೇಕಾದ ಕಾಲದಲ್ಲಿಯೇ ಮುರಿದುಬೀಳುವ ಷರತ್ತನ್ನು ತುರ್ತು ನಿಧಿಗೆ ಕಟ್ಟಿಕೊಳ್ಳುವುದು ನನಗೆ ಸರಿಕಾಣುವುದಿಲ್ಲ. ಹಣ ತೆಗೆದ ತಿಂಗಳು ಬೋನಸ್ ಬಡ್ಡಿ ಇಲ್ಲ ಎನ್ನುವ ಖಾತೆಗಳಿಗೂ ಇದೇ ಮಾತು ಸಲ್ಲುತ್ತದೆ.

ಎರಡನೆಯದು, ಪರಿಚಯದ ದರ. ಮೊದಲ ಆರು ತಿಂಗಳೋ ವರ್ಷವೋ ಹೆಚ್ಚು ಕೊಟ್ಟು, ಆಮೇಲೆ ಸದ್ದಿಲ್ಲದೆ ಮೂಲ ದರಕ್ಕೆ ಇಳಿಸುವುದು ಹಲವು ದೇಶಗಳಲ್ಲಿ ರೂಢಿಯಲ್ಲಿದೆ. ಇಂತಹ ಖಾತೆ ತೆರೆಯಬಾರದೆಂದಲ್ಲ. ತೆರೆದ ದಿನವೇ ಅವಧಿ ಮುಗಿಯುವ ದಿನವನ್ನೂ ಫೋನಿನ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಬೇಕು.

ಚಕ್ರಬಡ್ಡಿಯ ವಿಷಯವನ್ನು ಬಹಳ ಜನ ದೊಡ್ಡದು ಮಾಡುತ್ತಾರೆ. ಶೇ 5ರ ದರದಲ್ಲಿ ಮೂರು ಲಕ್ಷಕ್ಕೆ ವರ್ಷಕ್ಕೊಮ್ಮೆ ಬಡ್ಡಿ ಸೇರಿಸಿದರೆ 15,000, ಮೂರು ತಿಂಗಳಿಗೊಮ್ಮೆಯಾದರೆ ಸುಮಾರು 15,283, ತಿಂಗಳಿಗೊಮ್ಮೆಯಾದರೆ ಸುಮಾರು 15,348, ದಿನವೂ ಸೇರಿಸಿದರೆ ಸುಮಾರು 15,380. ಅಂತರ ಇದೆ, ಆದರೆ ತೀರ್ಮಾನ ಬದಲಿಸುವಷ್ಟಲ್ಲ. ಎರಡು ಖಾತೆಗಳನ್ನು ಹೋಲಿಸುವಾಗ ಚಕ್ರಬಡ್ಡಿ ಸೇರಿಸಿದ ವಾರ್ಷಿಕ ದರವನ್ನೇ ಎರಡೂ ಕಡೆ ನೋಡಿದರೆ ಸಾಕು. ಅಮೆರಿಕದಲ್ಲಿ 1991ರ ಕಾಯ್ದೆಯೊಂದು ಈ ದರವನ್ನು ಎಲ್ಲ ಬ್ಯಾಂಕುಗಳೂ ಒಂದೇ ವಿಧಾನದಲ್ಲಿ ಲೆಕ್ಕ ಹಾಕಿ ಪ್ರಕಟಿಸಬೇಕೆಂದು ವಿಧಿಸಿತು. ಅಲ್ಲಿ ಅದಕ್ಕೆ ಎಪಿವೈ ಎನ್ನುತ್ತಾರೆ, ಬ್ರಿಟನ್ನಿನಲ್ಲಿ ಎಇಆರ್ ಎನ್ನುತ್ತಾರೆ.

ಅದಕ್ಕಿಂತ ಮುಖ್ಯವಾದ ಪ್ರಶ್ನೆ ಬಡ್ಡಿ ಯಾವ ಶಿಲ್ಕಿನ ಮೇಲೆ ಎಂಬುದು. ಭಾರತದಲ್ಲಿ 2010ರ ಮಾರ್ಚ್‌ವರೆಗೆ ತಿಂಗಳ 10ನೇ ತಾರೀಖಿನಿಂದ ಕೊನೆಯ ದಿನದವರೆಗೆ ಇದ್ದ ಕನಿಷ್ಠ ಶಿಲ್ಕಿಗೆ ಮಾತ್ರ ಬಡ್ಡಿ ಸಿಗುತ್ತಿತ್ತು. ಒಂದೇ ದಿನ ಖಾತೆ ಬರಿದಾದರೂ ತಿಂಗಳ ಬಡ್ಡಿಯೆಲ್ಲ ಹೋಗುತ್ತಿತ್ತು. 2010ರ ಏಪ್ರಿಲ್ 1ರಿಂದ ರಿಸರ್ವ್ ಬ್ಯಾಂಕ್ ದಿನದ ಶಿಲ್ಕಿನ ಲೆಕ್ಕವನ್ನು ಕಡ್ಡಾಯ ಮಾಡಿತು. ನಿಮ್ಮ ಖಾತೆಯಲ್ಲಿಯೂ ದಿನದ ಶಿಲ್ಕಿನ ಲೆಕ್ಕವೇ ಇದೆಯೇ ಎಂದು ಖಚಿತಪಡಿಸಿಕೊಳ್ಳಿ, ಏಕೆಂದರೆ ಆಗಾಗ ತೆಗೆದು ಹಾಕುವ ಹಣಕ್ಕೆ ಅದರಿಂದಲೇ ದೊಡ್ಡ ವ್ಯತ್ಯಾಸವಾಗುತ್ತದೆ.

ನಿಧಾನಿ:
ಲೆಕ್ಕಿಗರು ಬರೆದದ್ದೆಲ್ಲವೂ ಹಣ ಒಳಗಿರುವಾಗಿನ ಲೆಕ್ಕ. ಮಿತವ್ಯಯಿಯವರ ಪ್ರಶ್ನೆಯ ಜೀವಾಳ ಇರುವುದು ಹಣ ಹೊರಬರುವ ದಾರಿಯಲ್ಲಿ ಎಂದು ನನ್ನ ಅಭಿಪ್ರಾಯ. ‘ಯಾವಾಗ ಬೇಕಾದರೂ ತೆಗೆಯಬಹುದು’ ಎಂಬ ಜಾಹೀರಾತಿನ ಮಾತಿಗೆ, ತೆಗೆಯುವ ಕೋರಿಕೆಯನ್ನು ಯಾವಾಗ ಬೇಕಾದರೂ ಸಲ್ಲಿಸಬಹುದು ಎಂಬುದಕ್ಕಿಂತ ಹೆಚ್ಚಿನ ಅರ್ಥ ಇರಲೇಬೇಕೆಂದಿಲ್ಲ.

ಒಂದು ಶುಕ್ರವಾರ ಸಂಜೆಯನ್ನು ಕಲ್ಪಿಸಿಕೊಳ್ಳಿ. ಏಳು ಗಂಟೆಗೆ ಆಸ್ಪತ್ರೆಯವರು ಮುಂಗಡ ಕಟ್ಟಬೇಕೆನ್ನುತ್ತಾರೆ. ನೀವು ಉಳಿತಾಯ ಖಾತೆ ತೆರೆದು, ಆಸ್ಪತ್ರೆಯ ಖಾತೆಯನ್ನು ಹೊಸದಾಗಿ ಸೇರಿಸುತ್ತೀರಿ. ಹೊಸ ಖಾತೆ ಸೇರಿಸಿದ ಮೊದಲ ಕೆಲವು ಗಂಟೆ ದೊಡ್ಡ ಮೊತ್ತ ಕಳುಹಿಸಲಾಗದು ಎಂಬ ಸಂದೇಶ ಬರುತ್ತದೆ. ಸರಿ, ನನ್ನದೇ ಸಂಬಳದ ಖಾತೆಗೆ ಕಳುಹಿಸಿ ಅಲ್ಲಿಂದ ಕಟ್ಟೋಣ ಎಂದರೆ ದಿನದ ಮಿತಿ ಅಡ್ಡ ಬರುತ್ತದೆ, ಅಥವಾ ವರ್ಗಾವಣೆ ಮುಂದಿನ ಕೆಲಸದ ದಿನಕ್ಕೆ ಹೋಗಿ ಕೂರುತ್ತದೆ. ಎಟಿಎಂ ಕಾರ್ಡನ್ನು ಆ ಖಾತೆ ಕೊಟ್ಟೇ ಇಲ್ಲ. ಈ ಪ್ರತಿಯೊಂದು ತಡೆಯೂ ವಂಚನೆ ತಪ್ಪಿಸಲೆಂದು ಇಟ್ಟದ್ದೇ ಇರಬಹುದು. ಆದರೆ ಅವು ಇವೆಯೆಂದು ನಮಗೆ ತಿಳಿಯುವುದು ಶುಕ್ರವಾರ ಸಂಜೆ ಏಳು ಗಂಟೆಗೆ ಆಗಬಾರದು.

ಹಣ ಎಷ್ಟು ಬೇಗ ತಲುಪುತ್ತದೆ ಎಂಬುದು ದೇಶದ ವರ್ಗಾವಣೆ ವ್ಯವಸ್ಥೆಯನ್ನೂ ಅವಲಂಬಿಸಿದೆ. ಭಾರತದಲ್ಲಿ ನೆಫ್ಟ್ 2019ರ ಡಿಸೆಂಬರ್‌ನಿಂದ, ಆರ್‌ಟಿಜಿಎಸ್ 2020ರ ಡಿಸೆಂಬರ್‌ನಿಂದ ರಜಾದಿನವೂ ಸೇರಿ ಹಗಲುರಾತ್ರಿ ನಡೆಯುತ್ತವೆ. ಯೂರೋ ವಲಯದ ಬ್ಯಾಂಕುಗಳು ತಕ್ಷಣದ ವರ್ಗಾವಣೆಯನ್ನು ಸ್ವೀಕರಿಸುವುದು 2025ರ ಜನವರಿಯಿಂದಲೂ ಕಳುಹಿಸುವುದು ಅದೇ ವರ್ಷದ ಅಕ್ಟೋಬರ್‌ನಿಂದಲೂ ಕಡ್ಡಾಯವಾಗಿದೆ. ಅಮೆರಿಕದಲ್ಲಿ ಫೆಡ್‌ನೌ ಎಂಬ ತಕ್ಷಣದ ವ್ಯವಸ್ಥೆ 2023ರ ಜುಲೈನಲ್ಲಿ ಬಂದರೂ ಬ್ಯಾಂಕುಗಳು ಅದಕ್ಕೆ ಸೇರಲೇಬೇಕೆಂಬ ಕಡ್ಡಾಯವಿಲ್ಲದ್ದರಿಂದ, ಎರಡು ಬ್ಯಾಂಕುಗಳ ನಡುವಿನ ಮಾಮೂಲಿ ವರ್ಗಾವಣೆಗೆ ಒಂದೆರಡು ಕೆಲಸದ ದಿನ ಹಿಡಿಯುವುದು ಇನ್ನೂ ಸಾಮಾನ್ಯ. ಅಲ್ಲಿ ಉಳಿತಾಯ ಖಾತೆಯಿಂದ ತಿಂಗಳಿಗೆ ಆರಕ್ಕಿಂತ ಹೆಚ್ಚು ಬಾರಿ ಕೆಲವು ಬಗೆಯ ವರ್ಗಾವಣೆ ಮಾಡುವಂತಿಲ್ಲ ಎಂಬ ಕೇಂದ್ರ ನಿಯಮವನ್ನು 2020ರ ಏಪ್ರಿಲ್‌ನಲ್ಲಿ ತೆಗೆದುಹಾಕಿದರು. ಹಾಗಿದ್ದರೂ ಬ್ಯಾಂಕುಗಳು ತಮ್ಮದೇ ನಿಯಮವಾಗಿ ಅದನ್ನು ಉಳಿಸಿಕೊಳ್ಳಲು ಅಡ್ಡಿಯಿಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟೇ. ಇಡೀ ಹಣವನ್ನು ಸಂಬಳದ ಬ್ಯಾಂಕಿನಲ್ಲಿಯೇ ಇಟ್ಟುಬಿಡಿ. ಹೊತ್ತಿಗೆ ಸಿಗದ ಹಣಕ್ಕೆ ಎಷ್ಟು ಬಡ್ಡಿ ಬಂದರೂ ಪ್ರಯೋಜನವಿಲ್ಲ.

ಲೆಕ್ಕಿಗ:
ನಿಧಾನಿಯವರೇ, ನಿಮ್ಮ ಶುಕ್ರವಾರದ ಚಿತ್ರಣವನ್ನು ಒಪ್ಪುತ್ತೇನೆ, ಆದರೆ ಕೊನೆಯ ಸಲಹೆಯನ್ನು ಒಪ್ಪಲಾರೆ. ಆರು ತಿಂಗಳ ಖರ್ಚು ಒಂದೇ ಸಂಜೆ ಬೇಕಾಗುವ ಸಂದರ್ಭ ತೀರಾ ಅಪರೂಪ. ಕೆಲಸ ಹೋದರೆ ಹಣ ಬೇಕಾಗುವುದು ತಿಂಗಳಿಗೆ ಇಷ್ಟಿಷ್ಟು ಎಂದು. ಗಂಟೆಯೊಳಗೆ ಬೇಕಾಗುವ ಭಾಗವನ್ನು, ಅಂದರೆ ಒಂದು ತಿಂಗಳ ಖರ್ಚಿನಷ್ಟನ್ನು, ಸಂಬಳದ ಖಾತೆಯಲ್ಲಿ ಉಳಿಸಿಕೊಂಡು, ಎರಡು ದಿನ ತಡೆಯಬಹುದಾದ ಉಳಿದದ್ದನ್ನು ಹೆಚ್ಚು ಬಡ್ಡಿಯ ಖಾತೆಗೆ ಕಳುಹಿಸಿದರೆ ಎರಡೂ ಉದ್ದೇಶ ಈಡೇರುತ್ತವೆ. ಅಲ್ಲದೆ ಎಲ್ಲವೂ ಒಂದೇ ಬ್ಯಾಂಕಿನಲ್ಲಿದ್ದು ಆ ಬ್ಯಾಂಕಿನ ಸರ್ವರ್ ಒಂದು ದಿನ ಕೆಟ್ಟರೆ, ಅಥವಾ ಯಾವುದೋ ಅನುಮಾನದಿಂದ ಖಾತೆಯನ್ನು ತಾತ್ಕಾಲಿಕವಾಗಿ ತಡೆಹಿಡಿದರೆ, ನಿಮ್ಮ ಕೈಯಲ್ಲಿ ಬೇರೇನೂ ಇರುವುದಿಲ್ಲ.

ನಿಧಾನಿ:
ಎರಡು ಬ್ಯಾಂಕುಗಳಿರಬೇಕೆಂಬ ಮಾತು ನ್ಯಾಯವಾದದ್ದು. ಭಾಗ ಮಾಡುವುದನ್ನು ಒಪ್ಪುತ್ತೇನೆ.

ಕಡತಪ್ರಿಯೆ:
ದರ ಮತ್ತು ವೇಗದ ಬಗ್ಗೆ ಇಷ್ಟು ಒಳ್ಳೆಯ ಚರ್ಚೆ ನಡೆದಿದೆ; ಮೂರನೆಯ ಆಯ್ಕೆಯಾದ ಆ್ಯಪ್ ಬಗ್ಗೆ ಯಾರೂ ಗಟ್ಟಿಯಾಗಿ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಮಿತವ್ಯಯಿಯವರೇ, ಇಲ್ಲಿ ದಯವಿಟ್ಟು ಅವಸರ ಮಾಡಬೇಡಿ.

ಠೇವಣಿ ವಿಮೆ ಎಂಬುದು ಬ್ಯಾಂಕು ಮುಳುಗಿದರೆ ಸಿಗುವ ರಕ್ಷಣೆ. ಅಮೆರಿಕದಲ್ಲಿ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ, ಒಂದು ಬಗೆಯ ಒಡೆತನಕ್ಕೆ (ಒಬ್ಬರದೇ ಖಾತೆ, ಜಂಟಿ ಖಾತೆ ಹೀಗೆ) 2,50,000 ಡಾಲರ್. ಯುರೋಪಿಯನ್ ಒಕ್ಕೂಟದಲ್ಲಿ 1,00,000 ಯೂರೋ. ಬ್ರಿಟನ್ನಿನಲ್ಲಿ 2025ರ ಡಿಸೆಂಬರ್ 1ರಿಂದ 1,20,000 ಪೌಂಡ್. ಭಾರತದಲ್ಲಿ 2020ರ ಫೆಬ್ರುವರಿ 4ರಿಂದ ಅಸಲು ಬಡ್ಡಿ ಸೇರಿ 5 ಲಕ್ಷ ರೂಪಾಯಿ. ಒಂದೇ ಬ್ಯಾಂಕಿನ ಬೇರೆ ಬೇರೆ ಶಾಖೆಗಳಲ್ಲಿ ಇಟ್ಟರೂ ಮಿತಿ ಒಂದೇ. ಒಂದೇ ಬ್ಯಾಂಕು ಎರಡು ಹೆಸರಿನಲ್ಲಿ ವ್ಯವಹರಿಸುವುದೂ ಉಂಟು, ಅದನ್ನೂ ಗಮನಿಸಬೇಕು.

ಆದರೆ ಮುಳುಗಿದ್ದು ಬ್ಯಾಂಕಲ್ಲ, ನಿಮಗೂ ಬ್ಯಾಂಕಿಗೂ ನಡುವೆ ಇದ್ದ ಮಧ್ಯವರ್ತಿ ಎಂದಾದರೆ? ಅಮೆರಿಕದ ಸಿನ್ಯಾಪ್ಸ್ ಎಂಬ ಕಂಪನಿಯ ಪ್ರಕರಣ ಇದಕ್ಕೆ ಸಾಕ್ಷಿ. ಹಲವು ಆ್ಯಪ್‌ಗಳಿಗೂ ಬ್ಯಾಂಕುಗಳಿಗೂ ನಡುವೆ ನಿಂತು ಯಾರ ಹಣ ಎಷ್ಟು ಎಂಬ ಲೆಕ್ಕವನ್ನು ಇಡುತ್ತಿದ್ದ ಆ ಕಂಪನಿ 2024ರ ಏಪ್ರಿಲ್‌ನಲ್ಲಿ ದಿವಾಳಿ ರಕ್ಷಣೆ ಕೋರಿತು. ಮುಂದಿನ ತಿಂಗಳು ಒಂದು ಲಕ್ಷಕ್ಕೂ ಹೆಚ್ಚು ಜನರಿಗೆ ತಮ್ಮದೇ ಹಣ ಸಿಗದಂತಾಯಿತು. ನ್ಯಾಯಾಲಯ ನೇಮಿಸಿದ ಟ್ರಸ್ಟಿ, ಠೇವಣಿ ವಿಮಾ ನಿಗಮದ ಮಾಜಿ ಅಧ್ಯಕ್ಷೆಯೂ ಆಗಿದ್ದ ಜೆಲೆನಾ ಮೆಕ್‌ವಿಲಿಯಮ್ಸ್, ಗ್ರಾಹಕರಿಗೆ ಸಲ್ಲಬೇಕಾದ ಮೊತ್ತಕ್ಕೂ ಬ್ಯಾಂಕುಗಳಲ್ಲಿ ಇದ್ದ ಮೊತ್ತಕ್ಕೂ 6.5 ಕೋಟಿಯಿಂದ 9.6 ಕೋಟಿ ಡಾಲರ್‌ವರೆಗೆ ಕೊರತೆಯಿದೆ ಎಂದು ಅಂದಾಜಿಸಿದರು. ಬ್ಯಾಂಕುಗಳು ಯಾವುವೂ ಮುಳುಗಿರಲಿಲ್ಲ; ಆದ್ದರಿಂದ ಠೇವಣಿ ವಿಮೆ ಅನ್ವಯವಾಗಲೇ ಇಲ್ಲ. ಆ್ಯಪ್‌ನ ಮುಖಪುಟದಲ್ಲಿ ವಿಮೆಯ ಮಾತು ಇದ್ದುದನ್ನು ನಂಬಿ ಹಣ ಇಟ್ಟವರು ಜನಸಾಮಾನ್ಯರು, ಅವರಲ್ಲಿ ಹಲವರಿಗೆ ಅದು ಜೀವಮಾನದ ಉಳಿತಾಯ. ಈ ಸುದ್ದಿ ಓದಿದಾಗ ನನಗಾದ ಸಂಕಟ ಇನ್ನೂ ಹೋಗಿಲ್ಲ.

ಹಾಗಾಗಿ ಆ್ಯಪ್‌ನವರಿಗೆ ಬರಹದಲ್ಲಿ ಕೇಳಿ: ನನ್ನ ಹಣ ಯಾವ ಬ್ಯಾಂಕಿನಲ್ಲಿ ಇರುತ್ತದೆ? ಅಲ್ಲಿ ನನ್ನ ಹೆಸರಿನಲ್ಲಿಯೇ ಖಾತೆ ಇರುತ್ತದೆಯೇ, ಅಥವಾ ಎಲ್ಲ ಗ್ರಾಹಕರ ಹಣವೂ ನಿಮ್ಮ ಹೆಸರಿನ ಒಂದೇ ಖಾತೆಯಲ್ಲಿ ಕೂಡಿರುತ್ತದೆಯೇ? ನಿಮ್ಮ ಆ್ಯಪ್ ನಿಂತುಹೋದರೆ ನಾನು ನೇರವಾಗಿ ಬ್ಯಾಂಕಿಗೆ ಹೋಗಿ ನನ್ನ ಶಿಲ್ಕು ಕೇಳಬಹುದೇ? ಈ ಮೂರಕ್ಕೂ ನೇರ ಉತ್ತರ ಬಾರದಿದ್ದರೆ ತುರ್ತು ನಿಧಿಯನ್ನು ಅಲ್ಲಿ ಇಡಬೇಡಿ.

ವಿಮೆ ಇದ್ದರೂ ಹಣ ಎಷ್ಟು ದಿನಕ್ಕೆ ಸಿಗುತ್ತದೆ ಎಂಬುದು ಬೇರೆಯದೇ ಪ್ರಶ್ನೆ. ಭಾರತದ ಪಿಎಂಸಿ ಸಹಕಾರಿ ಬ್ಯಾಂಕಿನ ಮೇಲೆ 2019ರ ಸೆಪ್ಟೆಂಬರ್‌ನಲ್ಲಿ ನಿರ್ಬಂಧ ಹೇರಿದಾಗ ಠೇವಣಿದಾರರು ತೆಗೆಯಬಹುದಾಗಿದ್ದ ಮೊತ್ತ ಮೊದಲಿಗೆ ಬರೀ 1,000 ರೂಪಾಯಿ. ಅದು ಹಂತಹಂತವಾಗಿ ಏರಿ ಒಂದು ಲಕ್ಷ ತಲುಪಿದ್ದು 2020ರ ಜೂನ್‌ನಲ್ಲಿ. ನಿರ್ಬಂಧಕ್ಕೆ ಒಳಗಾದ ಬ್ಯಾಂಕಿನ ಠೇವಣಿದಾರರಿಗೆ ವಿಮೆಯ ಮಿತಿಯವರೆಗಿನ ಹಣ 90 ದಿನಗಳೊಳಗೆ ಸಿಗಬೇಕೆಂಬ ತಿದ್ದುಪಡಿ ಬಂದದ್ದು 2021ರಲ್ಲಿ. ತುರ್ತು ನಿಧಿಗೆ 90 ದಿನವೂ ದೀರ್ಘವೇ. ದರ ಎಷ್ಟೇ ಆಕರ್ಷಕವಾಗಿರಲಿ, ಬ್ಯಾಂಕಿನ ಆರೋಗ್ಯ ನೋಡದೆ ಹೋಗಬಾರದೆನ್ನುವುದು ಇದಕ್ಕಾಗಿ. 2008ರ ಅಕ್ಟೋಬರ್‌ನಲ್ಲಿ ಕುಸಿದ ಐಸ್‌ಲ್ಯಾಂಡಿನ ಲ್ಯಾಂಡ್ಸ್‌ಬ್ಯಾಂಕಿ ತನ್ನ ‘ಐಸ್‌ಸೇವ್’ ಆನ್‌ಲೈನ್ ಖಾತೆಗಳಿಗೆ ಬ್ರಿಟನ್ ಮತ್ತು ನೆದರ್ಲೆಂಡ್ಸ್‌ನ ಲಕ್ಷಾಂತರ ಜನರನ್ನು ಸೆಳೆದದ್ದು ಹೆಚ್ಚಿನ ಬಡ್ಡಿಯಿಂದಲೇ. ಕೊನೆಗೆ ಅವರ ಹಣ ತೀರಿಸಲು ಆ ದೇಶಗಳ ಸರ್ಕಾರಗಳೇ ಮುಂದೆ ಬರಬೇಕಾಯಿತು.

ಮಿತವ್ಯಯಿ:
ಎಲ್ಲರ ಉತ್ತರಗಳನ್ನೂ ನಿಧಾನವಾಗಿ ಎರಡು ಸಲ ಓದಿದೆ, ತುಂಬಾ ಧನ್ಯವಾದಗಳು. ಇನ್ನೆರಡು ಸಂದೇಹಗಳಿವೆ. ಶಿಲ್ಕು ಒಂದು ಮಿತಿ ದಾಟಿದ ಕೂಡಲೇ ತಾನಾಗಿಯೇ ನಿಶ್ಚಿತ ಠೇವಣಿಯಾಗುವ ಸ್ವೀಪ್ ಖಾತೆ ಈ ಉದ್ದೇಶಕ್ಕೆ ಆಗುತ್ತದೆಯೇ? ಅಲ್ಪಾವಧಿಯ ಸಾಲಪತ್ರಗಳಲ್ಲಿ ಹಣ ಹೂಡುವ ಮನಿ ಮಾರ್ಕೆಟ್ ಫಂಡ್‌ಗಳು ಇದಕ್ಕಿಂತ ಹೆಚ್ಚು ಕೊಡುತ್ತವೆಂದು ಸಹೋದ್ಯೋಗಿಯೊಬ್ಬರು ಹೇಳುತ್ತಿದ್ದಾರೆ, ಅದು ಹೇಗೆ?

ಲೆಕ್ಕಿಗ:
ಸ್ವೀಪ್ ಖಾತೆ ಆಗುತ್ತದೆ. ಠೇವಣಿ ಮುರಿದಾಗ ದಂಡವಿದೆಯೇ, ಬೇಕಾದಷ್ಟು ಭಾಗವನ್ನು ಮಾತ್ರ ಮುರಿಯುತ್ತಾರೆಯೇ ಅಥವಾ ಇಡೀ ಠೇವಣಿಯನ್ನೇ, ಹಳೆಯದನ್ನು ಮೊದಲು ಮುರಿಯುತ್ತಾರೆಯೇ ಅಥವಾ ಹೊಸದನ್ನು ಎಂದು ಕೇಳಿಕೊಳ್ಳಿ. ಮುರಿದ ಭಾಗಕ್ಕೆ ಅದು ಇದ್ದ ಅವಧಿಯ ಕಡಿಮೆ ದರವೇ ಸಿಗುವುದರಿಂದ, ಆಗಾಗ ತೆಗೆಯುವವರಿಗೆ ಲಾಭ ಕಡಿಮೆ. ವರ್ಷಕ್ಕೊಮ್ಮೆಯೂ ಮುಟ್ಟದವರಿಗೆ ಒಳ್ಳೆಯದು.

ಫಂಡ್ ಬ್ಯಾಂಕ್ ಠೇವಣಿಯಲ್ಲ, ಅದಕ್ಕೆ ಠೇವಣಿ ವಿಮೆ ಇಲ್ಲ. ಸಾಮಾನ್ಯ ದಿನಗಳಲ್ಲಿ ಅದು ಬಹಳ ಶಾಂತವಾಗಿರುತ್ತದೆ. ಆದರೆ 2008ರ ಸೆಪ್ಟೆಂಬರ್ 16ರಂದು, ಆಗಷ್ಟೇ ದಿವಾಳಿಯಾದ ಲೇಮನ್ ಬ್ರದರ್ಸ್ ಎಂಬ ಹೂಡಿಕೆ ಬ್ಯಾಂಕಿನ ಸಾಲಪತ್ರಗಳನ್ನು ಹಿಡಿದುಕೊಂಡಿದ್ದ ಅಮೆರಿಕದ ರಿಸರ್ವ್ ಪ್ರೈಮರಿ ಫಂಡ್‌ನ ಯೂನಿಟ್ ಬೆಲೆ 1 ಡಾಲರ್‌ನಿಂದ 97 ಸೆಂಟಿಗೆ ಇಳಿಯಿತು. ಆದದ್ದು ಶೇ 3ರ ನಷ್ಟವಾದರೂ, ಹಣ ಹಿಂಪಡೆಯುವುದನ್ನೇ ತಡೆಹಿಡಿದದ್ದು ಹೂಡಿಕೆದಾರರಿಗೆ ಅದಕ್ಕಿಂತ ದೊಡ್ಡ ಪೆಟ್ಟಾಯಿತು. ಮೊದಲ ಮೂರು ತಿಂಗಳ ಖರ್ಚನ್ನು ಬ್ಯಾಂಕಿನಲ್ಲಿಟ್ಟು, ಉಳಿದದ್ದರಲ್ಲಿ ಒಂದು ಭಾಗಕ್ಕೆ ಫಂಡ್ ಆರಿಸುವವರನ್ನು ನಾನು ಬೇಡವೆನ್ನುವುದಿಲ್ಲ.

ಮುಂಜಾವು:
ಇದುವರೆಗಿನ ಚರ್ಚೆಯಲ್ಲಿ ಎಲ್ಲರೂ ಖಾತೆದಾರರು ತಾವೇ ಕೂತು ಹಣ ತೆಗೆಯುತ್ತಾರೆಂದು ಭಾವಿಸಿದ್ದಾರೆ. ಕಾಯಿಲೆ ಬಿದ್ದವರು ಖಾತೆದಾರರೇ ಆಗಿದ್ದರೆ ಏನಾಗುತ್ತದೆ ಎಂಬುದನ್ನು ನಾನು ನೋಡಿದ್ದೇನೆ. ನನ್ನ ಪತಿ ತೀವ್ರ ನಿಗಾ ಘಟಕದಲ್ಲಿದ್ದಾಗ ನಮ್ಮ ತುರ್ತು ಹಣವೆಲ್ಲ ಅವರೊಬ್ಬರ ಹೆಸರಿನ ಆನ್‌ಲೈನ್ ಖಾತೆಯಲ್ಲಿತ್ತು. ನಾಮಿನಿ ನಾನೇ. ಆದರೆ ನಾಮನಿರ್ದೇಶನ ಕೆಲಸಕ್ಕೆ ಬರುವುದು ಖಾತೆದಾರರು ತೀರಿಕೊಂಡ ಮೇಲೆ. ಅವರು ಜೀವಂತವಾಗಿದ್ದು ಸಹಿ ಹಾಕಲಾಗದ ಸ್ಥಿತಿಯಲ್ಲಿರುವಾಗ ನಾಮಿನಿಗೆ ಒಂದು ಪೈಸೆ ತೆಗೆಯುವ ಅಧಿಕಾರವೂ ಇಲ್ಲ. ಸಹಾಯವಾಣಿಯವರು ಸೌಜನ್ಯದಿಂದಲೇ ಮಾತನಾಡಿದರು, ಆದರೆ ಅವರ ಉತ್ತರ ಪ್ರತಿ ಸಲವೂ ಒಂದೇ ಆಗಿತ್ತು: ಖಾತೆದಾರರೇ ಕರೆ ಮಾಡಬೇಕು. ನಾವು ಆ ವಾರವನ್ನು ನನ್ನ ಅಣ್ಣನ ಹಣದಿಂದ ದಾಟಿದೆವು. ಈಗ ನಮ್ಮ ತುರ್ತು ಖಾತೆ ಜಂಟಿಯಾಗಿದೆ, ಇಬ್ಬರಲ್ಲಿ ಯಾರೊಬ್ಬರು ಬೇಕಾದರೂ ವ್ಯವಹರಿಸಬಹುದು ಎಂಬ ಷರತ್ತಿನೊಂದಿಗೆ. ಮಿತವ್ಯಯಿಯವರೇ, ನೀವು ನೋಡಿರುವ ಆನ್‌ಲೈನ್ ಬ್ಯಾಂಕು ಜಂಟಿ ಖಾತೆ ಕೊಡುತ್ತದೆಯೇ ಎಂದು ವಿಚಾರಿಸಿ. ಕೆಲವು ಕೊಡುವುದಿಲ್ಲ. ಕೊಡದಿದ್ದರೆ ಹಣದ ಒಂದು ಪಾಲನ್ನಾದರೂ ಮನೆಯ ಇನ್ನೊಬ್ಬರ ಹೆಸರಿನಲ್ಲಿ ಇಡಿ.

ಕಡತಪ್ರಿಯೆ:
ಮುಂಜಾವು ಅವರೇ, ಇದನ್ನು ಬರೆದದ್ದಕ್ಕೆ ಕೃತಜ್ಞತೆಗಳು. ನಾಮಿನಿ ಇದ್ದರೆ ಸಾಕೆಂದು ನಂಬಿರುವ ಮನೆಗಳು ಎಷ್ಟೋ ಇವೆ. ನಿಮ್ಮ ಪತಿಯವರು ಈಗ ಆರೋಗ್ಯವಾಗಿದ್ದಾರೆಂದು ಭಾವಿಸುತ್ತೇನೆ.

ಮುಂಜಾವು:
ಹೌದು, ಚೆನ್ನಾಗಿದ್ದಾರೆ.

ಸರಳರೇಖೆ:
ಇನ್ನೊಂದು ಮಾತು. ಉಳಿತಾಯ ಖಾತೆಯ ದರ ಯಾವ ದಿನ ಬೇಕಾದರೂ ಬದಲಾಗಬಹುದು. ಇವತ್ತಿನ ಶೇ 5 ಮುಂದಿನ ವರ್ಷಕ್ಕೆ ಕೊಟ್ಟ ಮಾತಲ್ಲ. ಅಮೆರಿಕದ ಕೇಂದ್ರ ಬ್ಯಾಂಕು 2022ರ ಮಾರ್ಚ್‌ನಲ್ಲಿ ಸೊನ್ನೆಯ ಹತ್ತಿರವಿದ್ದ ದರವನ್ನು 2023ರ ಜುಲೈ ಹೊತ್ತಿಗೆ ಶೇ 5.25–5.50ಕ್ಕೆ ಏರಿಸಿದಾಗ ಆನ್‌ಲೈನ್ ಬ್ಯಾಂಕುಗಳು ಶೇ 4 ದಾಟಿ ಬಡ್ಡಿ ಕೊಟ್ಟವು. ಅದೇ ಕಾಲದಲ್ಲಿ ಆ ದೇಶದ ಉಳಿತಾಯ ಖಾತೆಗಳ ಸರಾಸರಿ ದರ ಅರ್ಧ ಶೇಕಡಾವನ್ನೂ ಮುಟ್ಟಲಿಲ್ಲ. ಅಂದರೆ ಹಣವನ್ನು ಕದಲಿಸದವರಿಗೆ ಏರಿಕೆಯ ಫಲ ಸಿಗಲಿಲ್ಲ. ಹಳೆಯ ಗ್ರಾಹಕರನ್ನು ಹಳೆಯ ದರದಲ್ಲಿಯೇ ಬಿಟ್ಟು, ಹೆಚ್ಚುಕಡಿಮೆ ಅದೇ ಹೆಸರಿನ ಹೊಸ ಖಾತೆಗೆ ಹೆಚ್ಚು ದರ ಕೊಡುವ ಅಭ್ಯಾಸವೂ ಬ್ಯಾಂಕುಗಳಲ್ಲಿದೆ. ಆದ್ದರಿಂದ ಆರು ತಿಂಗಳಿಗೊಮ್ಮೆ ನಿಮ್ಮ ಖಾತೆಯ ಹೆಸರನ್ನೂ ದರವನ್ನೂ ಬ್ಯಾಂಕಿನ ಇವತ್ತಿನ ಪಟ್ಟಿಯೊಂದಿಗೆ ಹೋಲಿಸಿ ನೋಡಿ. ಅರ್ಧ ಶೇಕಡಾಕ್ಕಾಗಿ ಪದೇಪದೇ ಬ್ಯಾಂಕು ಬದಲಿಸುವ ಅಗತ್ಯವಿಲ್ಲ. ಒಂದೂವರೆ, ಎರಡು ಶೇಕಡಾ ಹಿಂದೆ ಬಿದ್ದಿದ್ದರೆ ಬದಲಿಸಿ.

ಮಿತವ್ಯಯಿ:
ನಾನು ಮಾಡಿದ್ದನ್ನು ತಿಳಿಸುತ್ತೇನೆ. ಆ್ಯಪ್‌ನವರಿಗೆ ಕಡತಪ್ರಿಯೆಯವರ ಮೂರು ಪ್ರಶ್ನೆಗಳನ್ನು ಕಳುಹಿಸಿದೆ. ಬಂದ ಉತ್ತರದಲ್ಲಿ ‘ಪ್ರತಿಷ್ಠಿತ ಪಾಲುದಾರ ಬ್ಯಾಂಕುಗಳು’ ಎಂಬ ಮಾತು ಎರಡು ಕಡೆ ಇದೆ, ಬ್ಯಾಂಕಿನ ಹೆಸರು ಒಂದೂ ಇಲ್ಲ. ಆದ್ದರಿಂದ ಅದನ್ನು ಬಿಟ್ಟೆ. ಶೇ 7ರ ಖಾತೆಯ ಅಡಿಟಿಪ್ಪಣಿಯಲ್ಲಿ ಲೆಕ್ಕಿಗರು ಊಹಿಸಿದಂತೆಯೇ ಒಂದು ಲಕ್ಷದ ಮಿತಿಯಿದೆ. ಆನ್‌ಲೈನ್ ಬ್ಯಾಂಕು ಜಂಟಿ ಖಾತೆ ಕೊಡುತ್ತದೆ, ಇಬ್ಬರಿಗೂ ಪ್ರತ್ಯೇಕ ಲಾಗಿನ್ ಇರುತ್ತದೆ, ಕನಿಷ್ಠ ಶಿಲ್ಕಿನ ದಂಡವಿಲ್ಲ, ಠೇವಣಿ ವಿಮೆಯ ಸದಸ್ಯತ್ವವನ್ನು ವಿಮಾ ಸಂಸ್ಥೆಯ ಪಟ್ಟಿಯಲ್ಲಿಯೇ ನೋಡಿ ಖಚಿತಪಡಿಸಿಕೊಂಡೆ. ಒಂದು ತಿಂಗಳ ಖರ್ಚನ್ನು ಸಂಬಳದ ಖಾತೆಯಲ್ಲಿ ಉಳಿಸಿ, ಉಳಿದ ಐದು ತಿಂಗಳದ್ದನ್ನು ನನ್ನ ಮತ್ತು ಹೆಂಡತಿಯ ಜಂಟಿ ಹೆಸರಿನಲ್ಲಿ ಅಲ್ಲಿಡಲು ತೀರ್ಮಾನಿಸಿದ್ದೇವೆ.

ನಿಧಾನಿ:
ಒಳ್ಳೆಯ ತೀರ್ಮಾನ. ಪೂರ್ತಿ ಹಣ ಕಳುಹಿಸುವ ಮೊದಲು ಸಣ್ಣ ಮೊತ್ತವೊಂದನ್ನು ಹಾಕಿ, ಶನಿವಾರ ರಾತ್ರಿ ಅದನ್ನು ಸಂಬಳದ ಖಾತೆಗೆ ವಾಪಸ್ ತರಿಸಿ ನೋಡಿ. ಎಷ್ಟು ಹೊತ್ತಿಗೆ ಬಂತೆಂಬುದನ್ನು ಇಬ್ಬರೂ ತಿಳಿದಿರಿ. ಹಾಗೆಯೇ ನಿಮ್ಮ ಹೆಂಡತಿಯವರು ತಮ್ಮ ಲಾಗಿನ್‌ನಿಂದ ಒಂದು ವರ್ಗಾವಣೆಯನ್ನು ತಾವೇ ಮಾಡಲಿ, ಏಕೆಂದರೆ ಒಟಿಪಿ ಇಬ್ಬರ ಫೋನಿಗೂ ಬರುತ್ತದೆಯೋ ನಿಮ್ಮೊಬ್ಬರ ಫೋನಿಗೋ ಎಂಬುದು ಆಗಲೇ ಗೊತ್ತಾಗುವುದು. ದಿನದ ಮಿತಿಯನ್ನು ಹೆಚ್ಚಿಸುವ ಅವಕಾಶವಿದ್ದರೆ ಈಗಲೇ ಹೆಚ್ಚಿಸಿಕೊಳ್ಳಿ. ಆ ಕೋರಿಕೆ ಜಾರಿಗೆ ಬರಲು ಕೆಲವು ಬ್ಯಾಂಕುಗಳಲ್ಲಿ ಒಂದು ದಿನ ಹಿಡಿಯುತ್ತದೆ.